ಮೊದಲೆರಡು ಅಕ್ಷರ

ಗ್ರಿಮ್ಸ್‌ಬಿಯ ಆಸ್ಪತ್ರೆ, ಎರಡನೇ ಮಹಡಿ, ಗುರುವಾರ.
ಹೆಡ್ಲಿ ಬ್ರಾಕಲ್ಸ್‌ಬಿಗೆ ಎಪ್ಪತ್ತೊಂಬತ್ತು.
ಮಿದುಳಿನ ಎಡಗಡೆ ಹೆಸರುಕಾಳಿನಷ್ಟು ರಕ್ತ ಹೆಪ್ಪುಗಟ್ಟಿ
ಕಡಲಗಲದ ಮಾತು ಮುಳುಗಿತು.
ತೇಲಿ ಉಳಿದದ್ದು ಎರಡೇ:
ಒಂದು ಬೈಗುಳ, ಇನ್ನೊಂದು ಟ್ಯೂಸ್‌ಡೇ.
ನರ್ಸುಗಳು ದಿನವೂ ತಿದ್ದುತ್ತಾರೆ, ಇವತ್ತು ಮಂಗಳವಾರ ಅಲ್ಲಪ್ಪಾ.

ನೆರಿಸ್ ಪದದ ಬಾಲ ಹಿಡಿಯುವುದಿಲ್ಲ,
ಮೂಗುದಾರ ಹಿಡಿದು ಎಳೆಯುತ್ತಾಳೆ.
'ಸ್ನ್...' ಎಂದು ನಾಲಗೆ ನಿಲ್ಲಿಸಿ ಕಾಯುತ್ತಾಳೆ.

ಸ್ನ್ ಅಂದರೆ ಮೂಗಿನ ಓಣಿ, ಹೆಡ್ಲಿ.
ಸ್ನಿಫ್ ಮೂಸುತ್ತದೆ, ಸ್ನೀಜ್ ಸೀನುತ್ತದೆ,
ಸ್ನೋರ್ ಗೊರಕೆ ಹೊಡೆಯುತ್ತದೆ, ಸ್ನೌಟ್ ಹಂದಿಯ ಮೂತಿ,
ಸ್ನಾಟ್ ನೀನು ಅಂಗಿಯ ತೋಳಿಗೆ ಒರೆಸಿದ್ದು;
ತುದಿಮನೆಯಲ್ಲಿ ಸ್ನಾಬ್, ಮೂಗು ಮುಗಿಲಿಗೆ.
ಎನಿಡ್ ಕಿಸಕ್ಕನೆ ನಕ್ಕಳು: ಅದು ನಮ್ಮತ್ತೆ.

ಅವನು ತಡಕಾಡಿ ತಡಕಾಡಿ ಹೇಳಿದ: 'ಸ್ನೋ.'
ಹಿಮಕ್ಕೆಲ್ಲಿಯ ಮೂಗು?
ಆದರೂ ತನ್ನ ಮೂಗಿನ ತುದಿ ಮುಟ್ಟಿ ತೋರಿಸಿದ,
ಬಿಳಿ ಕಲೆ, ಬ್ಯಾರೆಂಟ್ಸ್ ಸಮುದ್ರ ಕಚ್ಚಿದ ಗುರುತು.
ನೆರಿಸ್ ಅರ್ಧ ಅಂಕ ಕೊಟ್ಟಳು.

ಮೊದಲಕ್ಷರದ ಮೇಲೆ ಅವಳಿಗೂ ಪೂರಾ ನಂಬಿಕೆಯಿಲ್ಲ.
ಅವಳ ವೇಲ್ಸ್ ಮನೆಮಾತಿನಲ್ಲಿ
ಬೆಕ್ಕು ಸುಮ್ಮನೆ ಮಲಗಿದ್ದರೆ ಕಾಥ್,
ನಿನ್ನದಾದರೆ ಗಾಥ್, ಅವಳದಾದರೆ ಖಾಥ್;
ಒಡೆಯ ಬದಲಾದರೆ ಮುಖವೇ ಬದಲು.
ಇಂಗ್ಲಿಷಿನದು ಮುಖ ಗಟ್ಟಿ,
ಗುಣ ಮಾತ್ರ ಹೇಳಲು ಬಾರದು.

ಮುಂದಿನ ಚೀಟಿ. ಚಿತ್ರದಲ್ಲಿ ನೀರಿನ ಲೋಟ.
'ಗ್ಲ್...'
ಇದು ಬೆಳಕಿನ ಓಣಿ.
ಮಿಂಚಿದರೆ ಗ್ಲಿಂಟ್, ಮಿನುಗಿದರೆ ಗ್ಲಿಟರ್,
ಮಿರುಗಿದರೆ ಗ್ಲೀಮ್, ಮಿಣುಕಿದರೆ ಗ್ಲಿಮರ್,
ಬೂದಿಯೊಳಗಿನ ಕೆಂಡ ಗ್ಲೋ,
ಕಣ್ಣು ಹಾಯಿಸಿ ತೆಗೆದರೆ ಗ್ಲಾನ್ಸ್, ಕೆಕ್ಕರಿಸಿದರೆ ಗ್ಲೇರ್.
ಅದೇ ಸಾಲಿನಲ್ಲಿ ಬಾಡಿಗೆಗೆ ಬಂದು ಕೂತಿದೆ
ಕಿಟಕಿ ತೆರೆಯದ ಗ್ಲೂಮ್.
ಅಂಟಿನ ಡಬ್ಬಿ ಹಿಡಿದ ಗ್ಲೂ ಯಾರ ಕಡೆಯ ನೆಂಟನೋ.

'ಗ್ಲ್...' ನೆರಿಸ್ ಚಿತ್ರ ತಟ್ಟಿದಳು.
'ಗ್ಲ್...' ಹೆಡ್ಲಿಯ ದವಡೆ ಉಬ್ಬಿತು,
ಭಾರದ ಬಲೆ ಮೇಲೆಳೆವ ರಾಟೆಯ ಹಾಗೆ
ಕೊರಳು ಕಿರುಗುಟ್ಟಿತು.
'ಗ್ಲವ್.'

ಕೈಗವಸು.
ಅಲ್ಲ, ಎಂದಳು ಮೆಲ್ಲಗೆ. ಕುಡಿಯೋದು, ಗಾಜಿನದು.
'ಗ್ಲವ್. ಗ್ಲವ್. ಟ್ಯೂಸ್‌ಡೇ.'
ಬಲಗೈ ಏಳದು. ಎಡಗೈಯಲ್ಲಿ ಅದರ ಬೆರಳು ಹಿಡಿದು ಎಳೆದ,
ಎಳೆದ, ಎಳೆದು ತೆಗೆದವನಂತೆ
ಬರಿ ಮುಷ್ಟಿಯನ್ನು ನೋಡುತ್ತ ಕೂತ.

ಐವತ್ತೊಂದು ವರ್ಷದಿಂದ ಎನಿಡ್‌ಗೆ ಗೊತ್ತಿದ್ದದ್ದು ಇಷ್ಟೇ:
ಮೈದುನ ಕ್ಲೆಮ್ ಹಡಗಿನಿಂದ ಬಿದ್ದ,
ಕತ್ತಲಿತ್ತು, ಯಾರೂ ಕಾಣಲಿಲ್ಲ.
ಯಾರ ಕೈಯಿಂದ ಎಂದು ಯಾರೂ ಕೇಳಿರಲಿಲ್ಲ.
ಯಾವ ವಾರವೆಂದೂ.

ಹಾಳೆಯಲ್ಲಿ ಎರಡೇ ಚೌಕ, ಸರಿ, ತಪ್ಪು.
ನೆರಿಸ್ ಪೆನ್ನೆತ್ತಿದಳು, ಮುಚ್ಚಳ ಹಾಕಿದಳು.
ಕಿಟಕಿಯಾಚೆ ಹಡಗುಕಟ್ಟೆಯ ನೀರ ಮೇಲೆ
ಆ ಓಣಿಯ ಯಾವ ಮನೆಯದೋ, ಹೆಸರು ಬಾರದ ಒಂದು ಬೆಳಕು.
ಎನಿಡ್ ಲೋಟವನ್ನು ಅವನ ತುಟಿಗೆ ಹಿಡಿದಳು.
ಕುಡಿದ. ಅರ್ಧ ಎದೆಗೆ ಚೆಲ್ಲಿತು.
ಆಮೇಲೆ ಆ ಬೈಗುಳ,
ಸ್ವಚ್ಛವಾಗಿ, ಮೊದಲಕ್ಷರದಿಂದ ಕೊನೆಯವರೆಗೆ.