ಎರಡನೆಯ ಮಂಗಳವಾರ

ತಿಂಗಳ ಎರಡನೆಯ ಮಂಗಳವಾರ ಬಂತೆಂದರೆ
ಕಾಲೇಜಿನ ಮುನ್ನೂರ ಹನ್ನೆರಡು ಕಂಪ್ಯೂಟರುಗಳಿಗೂ
ನಾನೇ ಕಾವಲು, ನಾನೇ ಸೂಲಗಿತ್ತಿ.
ಹೊರಗೆ ನ್ಯೂಫೌಂಡ್‌ಲ್ಯಾಂಡಿನ ಮಂಜು
ಪಾರ್ಕಿಂಗಿನ ದೀಪಗಳನ್ನು ಒಂದೊಂದಾಗಿ ನುಂಗುತ್ತಿರುತ್ತದೆ.
ಸರ್ವರ್ ಇರುವುದು ಕಡಲಾಚೆ, ಹ್ಯಾಲಿಫ್ಯಾಕ್ಸಿನಲ್ಲಿ;
ಅಲ್ಲಿ ಹತ್ತಾದರೆ ಇಲ್ಲಿ ಹತ್ತೂವರೆ.
ಈ ಅರ್ಧ ಗಂಟೆಯನ್ನು ಕೂಡಿ ಕಳೆದೇ
ಹನ್ನೊಂದು ವರ್ಷ ಸವೆಸಿದ್ದೇನೆ.

ಮೊದಲು ಐದು ಯಂತ್ರಕ್ಕೆ. ಬದುಕಿದವೋ ನೋಡಿ
ಆಮೇಲೆ ಐವತ್ತಕ್ಕೆ. ಪ್ರಿಂಟರ್ ಇನ್ನೂ ಮಾತಾಡುತ್ತದೆಯೇ,
ಹಡಗು ನಡೆಸುವ ಪಾಠದ ಸಿಮ್ಯುಲೇಟರ್
ಬಂದರಿಗೇ ಬರುತ್ತದೆಯೇ, ಬಂಡೆಗೆ ಬಡಿಯುತ್ತದೆಯೇ ನೋಡಿ
ಗುರುವಾರ ಉಳಿದವಕ್ಕೆ.
ಅಡುಗೆಯವಳು ಅಂಗೈಗೆ ಒಂದು ತೊಟ್ಟು ಸಾರು ಬಿಟ್ಟುಕೊಂಡು
ಉಪ್ಪು ನೋಡುವ ಹಾಗೆ.

ಪ್ರಾಧ್ಯಾಪಕರಿಗೆ ಇದೆಲ್ಲ ಕಾಣುವುದಿಲ್ಲ, ಕಾಣಲೂಬಾರದು.
ಕಂಡರೆ ಅದು ದೂರು.
ಡಾಕ್ಟರ್ ಪೆನ್ನಿಯವರದು, ಉದಾಹರಣೆಗೆ:
ಪಾಠದ ನಡುವೆ ನೀಲಿ ಪರದೆ, ಗಿರಗಿರ ಚುಕ್ಕಿಗಳು,
"ಶೇಕಡಾ ಮೂವತ್ತು. ಆರಿಸಬೇಡಿ."
ಇಪ್ಪತ್ತೆಂಟು ಮಕ್ಕಳು ಸೀಲ್ ಪ್ರಾಣಿಯ ಉಸಿರಾಟ ಬಿಟ್ಟು
ಆ ಶೇಕಡಾ ಏರುವುದನ್ನೇ ಟಿಪ್ಪಣಿ ಮಾಡಿಕೊಂಡರಂತೆ.

ಮಾರ್ಚಿನಲ್ಲಿ, ಗ್ರಂಥಾಲಯದ ಹದಿನಾಲ್ಕನೆಯ ಯಂತ್ರದ ಮುಂದೆ
ಎಬೆನ್ ಕೀಪಿಂಗ್ ಕೂತಿದ್ದ.
ವಯಸ್ಸು ಅರವತ್ತೊಂದು. ಮೀನಿನ ಕಾರ್ಖಾನೆ ಮುಚ್ಚಿದ ಮೇಲೆ
ರಾತ್ರಿ ತರಗತಿ, ಎರಡು ಬೆರಳಿನ ಟೈಪಿಂಗ್.
ಮೂಲೆಯಲ್ಲಿ ಸೂಚನೆ ಇಣುಕಿದಾಗಲೆಲ್ಲ
"ಆಮೇಲೆ" ಒತ್ತಿದ.
ಲಾಗ್ ಹೇಳುತ್ತದೆ, ಏಳು ಸಲ.
ಏಳು ಸಲ ಬಾಗಿಲ ಮೇಲೆ ಬರೆದಿದ್ದಾನೆ, ನಾಳೆ ಬಾ.
ಎಂಟನೆಯ ಸಲ ಬಂದದ್ದಕ್ಕೆ ಓದು ಬರುತ್ತಿರಲಿಲ್ಲ.

ಗಡುವು ಹಾಕಿದವಳು ನಾನು. ಕೈಯಾರೆ.
ಹೋದದ್ದು ನಾಲ್ಕು ಪುಟ.
ಮೀನಿಗೆ ಉಪ್ಪು ಸವರಿ ಉಳಿಸುವುದು ಅವನಿಗೆ ಗೊತ್ತಿತ್ತು,
ಮಾತು ಉಳಿಸುವುದು ಎಲ್ಲಿ ಒತ್ತಿದರೆ ಎಂದು
ಯಾರೂ ಹೇಳಿರಲಿಲ್ಲ.

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದ್ದು ಇಷ್ಟೇ:
"ಅದೇನು ಮಾಡುತ್ತಿತ್ತು ಮಗಳೇ, ಅಷ್ಟು ಹೊತ್ತು?"
ತೂತು ಮುಚ್ಚುತ್ತಿತ್ತು, ಎಂದೆ.
"ಓಹೋ!"
ಮುಖ ಅರಳಿತು. ಅದು ಅವನಿಗೆ ಗೊತ್ತಿದ್ದ ಕೆಲಸ,
ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆಳೆದು
ಹಲಗೆಯ ಸಂದಿಗೆ ನಾರು ತುರುಕಿ ಡಾಂಬರು ಬಳಿಯುವುದು.
"ಮಾಡಲೇಬೇಕು. ನೀರು ಹೇಳಿ ಕೇಳಿ ಬರುವುದಿಲ್ಲ.
ಆದರೆ ಎಳೆಯುವ ಮೊದಲು ನಾವು ಕೂಗುತ್ತಿದ್ದೆವು,
ಒಳಗೆ ಯಾರಾದರೂ ಮಲಗಿದ್ದೀರಾ ಅಂತ."

ಆ ರಾತ್ರಿ ಹದಿನಾಲ್ಕನ್ನು ಪಟ್ಟಿಯಿಂದ ಹೊರಗಿಡಲು
ಬೆರಳು ಮೌಸಿನ ಮೇಲಿತ್ತು.
ಒಂದು ಯಂತ್ರ. ಒಬ್ಬ ಮುದುಕ. ಯಾರಿಗೆ ತಿಳಿದೀತು?
ಒತ್ತಲಿಲ್ಲ.
ಒಂದು ಹಲಗೆಗೆ ದಯೆ ತೋರಿದರೆ
ಮುನ್ನೂರ ಹನ್ನೊಂದಕ್ಕೆ ಕಡಲ ನೀರು.
ಗಡುವನ್ನು ರಾತ್ರಿ ಹನ್ನೊಂದಕ್ಕೆ ಸರಿಸಿದೆ,
ಗ್ರಂಥಾಲಯಕ್ಕೆ ಬೀಗ ಬಿದ್ದ ಮೇಲೆ;
ಹ್ಯಾಲಿಫ್ಯಾಕ್ಸಿನ ಹತ್ತೂವರೆ, ಎರಡೆರಡು ಸಲ ಎಣಿಸಿ.
ಬರೆದದ್ದನ್ನು ತಾನಾಗಿ ಉಳಿಸಿಕೊಳ್ಳಲು
ಎಲ್ಲ ಯಂತ್ರಗಳಿಗೂ ಹೇಳಿಕೊಟ್ಟೆ.
ಹನ್ನೊಂದು ವರ್ಷದ ಹಿಂದೆಯೇ ಮಾಡಬಹುದಿತ್ತು, ಇದನ್ನು.

ಮತ್ತೆ, ಸೂಚನೆಯ ಪೆಟ್ಟಿಗೆಯಲ್ಲಿದ್ದ
"ಈ ಸಾಧನವನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತದೆ" ಅಳಿಸಿ
ಬರೆದೆ:
"ಒಳಗೆ ಯಾರಾದರೂ ಇದ್ದೀರಾ?
ಹನ್ನೊಂದಕ್ಕೆ ದೋಣಿ ದಡಕ್ಕೆಳೆಯುತ್ತೇವೆ.
ಬ್ರೈಡ್, ನೆಲಮಾಳಿಗೆ. ಬಾಗಿಲು ತಟ್ಟಿ."

ಡೀನ್ ಕಚೇರಿಯಿಂದ ಪತ್ರ ಬಂದಿದೆ, ಭಾಷೆ ಗಂಭೀರವಾಗಿಲ್ಲವಂತೆ.
ಉತ್ತರಿಸುತ್ತೇನೆ. ಆಮೇಲೆ.

ಎಬೆನ್ ಮತ್ತೆ ಕೂತು ಬರೆದ. ಈ ಸಲ ಮೂರೇ ಪುಟ.
ನಾಲ್ಕನೆಯದರಲ್ಲಿ ಏನಿತ್ತೆಂದು
ನಾನು ಕೇಳಿಲ್ಲ.