ತೂಗಿದ್ದು ಏನನ್ನು?

ಕಿಟ್ವೆಯ ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ
ಗಾಜು ತೊಳೆದವನು ನಾನು.
ಬೀಕರಿನ ತಳ ನೋಡಿಯೇ ಹೇಳಬಲ್ಲೆ
ಇಂದು ಯಾವ ಪಾಠ, ಯಾರಿಗೆ ಅವಸರವಿತ್ತು,
ಯಾರು ಬೆರಳು ಸುಟ್ಟುಕೊಂಡರು.

ಸಿಚಿಂಗಾ ಮೇಷ್ಟ್ರ ಕಾಲದಲ್ಲಿ
ಕೈಪಿಡಿಯ ಒಂಬತ್ತನೇ ಪುಟವೇ ಎಲ್ಲ ಹೇಳಿಬಿಡುತ್ತಿತ್ತು:
ಮೊಳೆ ಮುಳುಗಿಸಿ. ನೀಲಿ ಮಾಸುವುದು. ಕೆಂಪು ಕೂರುವುದು.
ಹುಡುಗರು ಫಲಿತಾಂಶ ಮೊದಲು ಬರೆದು
ಆಮೇಲೆ ಮೊಳೆ ಹುಡುಕುತ್ತಿದ್ದರು.
ಅಷ್ಟು ವರ್ಷದಲ್ಲಿ ಒಂದು ಮೊಳೆಯೂ
ತಗಾದೆ ತೆಗೆದದ್ದಿಲ್ಲ.

ಈ ವರ್ಷ ಬಂದ ಕಪೆಂಬ್ವಾ ಮೇಡಂ
ಆ ಪುಟವನ್ನೇ ಕಿತ್ತರು.
ಬೋರ್ಡಿನ ಮೇಲೆ ಒಂದೇ ಸಾಲು:
ನೀಲಿ ಎಲ್ಲಿಗೆ ಹೋಗುತ್ತದೆ?

ಬಹಳ ಹೊತ್ತು ಯಾರೂ ಅಲ್ಲಾಡಲಿಲ್ಲ.
ಕಸೊಂಡೆ, ತಾಮ್ರದ ಗಣಿಯಲ್ಲಿ ಲಿಫ್ಟ್ ಇಳಿಸುವವನ ಮಗ,
ಸಿಂಕಿನ ಬಳಿ ಬಂದು ಪಿಸುಗುಟ್ಟಿದ:
‘ಶಿಕುಲು, ಅಜ್ಜಾ, ನಿಮಗೆ ಗೊತ್ತಿರಬೇಕಲ್ಲ?’
ನಾಲಿಗೆಯ ತುದಿಗೇ ಬಂದಿತ್ತು ಒಂಬತ್ತನೇ ಪುಟ.
ನಲ್ಲಿ ಜೋರಾಗಿ ತಿರುಗಿಸಿದೆ.

‘ಮೊಳೆ ಕುಡಿಯುತ್ತದೆ ನೀಲಿಯನ್ನು’ ಎಂದಳು ಮುತಿಂತಾ.
‘ಕುಡಿದರೆ?’
‘ಭಾರವಾಗಬೇಕು.’
‘ತೂಗು ಮತ್ತೆ.’

ಅವಳ ಮೊಳೆ ಭಾರವಾಯಿತು.
ಕಸೊಂಡೆಯದು ಹಗುರವಾಯಿತು.
ಅದೇ ಡಬ್ಬಿಯ ಮೊಳೆ, ಅದೇ ಸೀಸೆಯ ನೀರು!
ತಕ್ಕಡಿಯನ್ನು ಬೈದರು, ಒಬ್ಬರನ್ನೊಬ್ಬರು ಬೈದರು,
ಬಾಗಿಲಲ್ಲಿ ಪಕ್ಕದ ತರಗತಿಯವರು ಇಣುಕಿದರು.
ಮೇಡಂ ಕುರ್ಚಿಯಿಂದ ಏಳಲೂ ಇಲ್ಲ:
‘ನೀವು ತೂಗಿದ್ದು ಏನನ್ನು?’

ನಾನು ಕಸದ ಬುಟ್ಟಿ ಎತ್ತಿ ಹೊರಟಿದ್ದೆ.
ಕಸೊಂಡೆ ಓಡಿ ಬಂದು ತಡೆದ.
ಬುಟ್ಟಿಯಿಂದ ತಾನು ಮೊಳೆ ಒರೆಸಿದ ಕಾಗದ ತೆಗೆದ,
ಬಿಡಿಸಿದ: ಕೆಂಪು ಪುಡಿ.
ಹೆಬ್ಬೆರಳ ಗೆರೆಗಳಲ್ಲೂ ಅದೇ ಕೆಂಪು.
ಅಪ್ಪನ ಬೂಟಿನ ಮೇಲೆ ದಿನಾ ನೋಡಿದ್ದನೋ ಏನೋ,
ಮಾತಾಡದೆ ನಿಂತುಬಿಟ್ಟ.
ಆಮೇಲೆ ಆ ಕಾಗದವನ್ನೂ ತೂಗಬಹುದೇ ಎಂದು ಕೇಳಿದ.

ಸಂಜೆ ಎಲ್ಲರೂ ಹೋದ ಮೇಲೆ
ಕೊನೆಯ ಬೀಕರನ್ನು ಬೆಳಕಿಗೆ ಹಿಡಿದೆ.
ನೀಲಿ ಮಾಸಿತ್ತು, ಸರಿ.
ಆದರೆ ಉಳಿದದ್ದು ಬರೀ ನೀರಲ್ಲ,
ತೆಳ್ಳಗೆ ಹಸಿರು, ಎಳೆ ಎಲೆ ನೆನೆಸಿದಂತೆ.
ಎಷ್ಟು ಸಾವಿರ ಸಲ ಇದನ್ನು ಚೆಲ್ಲಿದ್ದೇನೆ,
ಯಾರ ಹಸಿರು ಇದು ಎಂದು ಕೇಳದೆ.

ತೊಳೆಯಲಿಲ್ಲ.
ಕಿಟಕಿಯ ಮೇಲಿಟ್ಟು ಚೀಟಿ ಅಂಟಿಸಿದೆ:
ಮುಟ್ಟಬೇಡಿ. ಮೇಡಂ ಬಳಿ ಕೇಳುವುದಿದೆ.