ಗಡ್ಡೆದೀಪ

ನವೆಂಬರಿನ ಮೆರವಣಿಗೆಗೆ ಇನ್ನು ಮೂರೇ ದಿನ.
ಜ್ಯೂರಿಕ್ ಸರೋವರದ ದಂಡೆಯ ಶಾಲೆಯಲ್ಲಿ
ಹಳೆ ಪತ್ರಿಕೆ ಹಾಸಿದ ಉದ್ದ ಮೇಜು,
ಮೇಜಿನ ತುಂಬ ಟರ್ನಿಪ್ ಗಡ್ಡೆ,
ಅರ್ಧ ಬಿಳಿ, ಅರ್ಧ ನೇರಳೆ,
ಬಾಲದ ತುದಿಗೆ ಇನ್ನೂ ಹೊಲದ ಮಣ್ಣು.

"ಮೊದಲು ಟೋಪಿ ಕೊಯ್ಯಿರಿ" ಅನ್ನುತ್ತಾರೆ ಎಗ್ಲಿ ಟೀಚರ್,
"ಆಮೇಲೆ ಚಮಚ. ಅವಸರ ಬೇಡ.
ಗೋಡೆ ಕಿರುಬೆರಳಿನಷ್ಟು ಉಳಿಯಲಿ.
ತೆಳುವಾದರೆ ಒಡೆದೀತು,
ದಪ್ಪವಾದರೆ ಬೆಳಕು ಒಳಗೇ ಕೂತೀತು."

ಇಪ್ಪತ್ತೆರಡು ಚಮಚದ ಕರಕರ.
ಮೂಗಿಗೆ ಘಾಟು, ಮೊಣಕೈವರೆಗೆ ನೀರು.
ಫ್ಲೂರಿನ್ ಕೆರೆದದ್ದನ್ನೆಲ್ಲ ತಿಂದು
ಹೊಟ್ಟೆ ಹಿಡಿದುಕೊಂಡಿದ್ದಾನೆ.

ಇನ್ನು ಚಿತ್ರ. ತೂತು ಕೊರೆಯುವಂತಿಲ್ಲ,
ನೇರಳೆ ಸಿಪ್ಪೆಯನ್ನಷ್ಟೇ ಸುಲಿಯಬೇಕು,
ಸುಲಿದಲ್ಲೆಲ್ಲ ಬೆಳಕು.
ನಕ್ಷತ್ರ, ಚಂದ್ರ, ಮತ್ತೆ ನಕ್ಷತ್ರ.
ಫ್ಲೂರಿನ್‌ನ ಹಸುವಿಗೆ ಐದು ಕಾಲು,
ಒಂದು ಬಾಲವಂತೆ; ಇರಲಿ.

ಮೇರೆಟ್ ಮಾತ್ರ ಒಂದು ಕಂಬ ಗೀರಿದಳು.
ಕಂಬಕ್ಕೊಂದು ಬಾಗಿದ ಕುತ್ತಿಗೆ,
ಕುತ್ತಿಗೆಗೊಂದು ಬಟ್ಟಲು. ಒರಗಿಸಿದ ಏಣಿ.
ಏಣಿಯ ಮೇಲೆ ಕಡ್ಡಿಯಂಥ ಮನುಷ್ಯ.
"ಇದೇನೇ?"
"ಬೀದಿದೀಪ. ಅದು ಅಪ್ಪ."

ಅಪ್ಪ ಕೋಬಿ ಊರಿನ ಲೈನ್‌ಮನ್.
ವರ್ಷವಿಡೀ ಹತ್ತಿಸುವುದು ಅವನ ಕಸುಬು;
ಆರಿಸುವುದು ಇದೊಂದೇ ಸಂಜೆ.
ಆರೂವರೆಯ ಗಂಟೆ ಹೊಡೆದೊಡನೆ
ಸೇತುವೆ ಪಕ್ಕದ ತಗಡಿನ ಪೆಟ್ಟಿಗೆ ತೆರೆದು
ಒಂದೊಂದೇ ಹಿಡಿ ಕೆಳಗೆಳೆಯುತ್ತಾನೆ:
ಚರ್ಚ್ ಬೀದಿ, ಡೈರಿ ಬೀದಿ, ದೋಣಿಗಟ್ಟೆ.
ಬೇಕರಿಯವಳೂ ಗಾಜಿಗೆ ಪರದೆ ಎಳೆಯುತ್ತಾಳೆ.
ಊರು ಕಣ್ಣು ಮುಚ್ಚಿದ ಮೇಲೆ
ಗಡ್ಡೆಗಳು ಕಣ್ಣು ಬಿಡುತ್ತವೆ.

ಅವನಿಗೆ ಅದು ಕಾಣುವುದಿಲ್ಲ.
ಪೆಟ್ಟಿಗೆ ಬಿಟ್ಟು ಕದಲುವಂತಿಲ್ಲ,
ಯಾರೋ ಮುದುಕಿ ಎಡವಿ ಬಿದ್ದರೆ,
ಆಂಬುಲೆನ್ಸ್ ಬಂದರೆ...
ಹನ್ನೊಂದು ವರ್ಷದಿಂದ ಅವನ ಪಾಲಿಗೆ
ತಿರುವಿನಾಚೆ ಪುಟ್ಟ ಬೂಟುಗಳ ಸದ್ದು,
ಅರ್ಧ ಹಾಡು.

ಇವತ್ತು ಸದ್ದು ದೂರವಾದ ಮೇಲೂ
ಒಂದು ಜೊತೆ ಬೂಟು ಈಚೆಗೇ ಬಂತು.
ಮೂರು ದಾರಕ್ಕೆ ತೂಗುವ ಗಡ್ಡೆ,
ಟೋಪಿಯಡಿ ಕಮಟು ವಾಸನೆ,
ಒಳಗಿಂದ ಮೆಲ್ಲಗೆ ಬೇಯುತ್ತಿದೆ.
"ಅಪ್ಪಾ, ಇದೊಂದನ್ನು ಆರಿಸಬೇಡ."

ಅವನು ಕೈಗವಸು ತೆಗೆದು ಗಡ್ಡೆ ತಿರುಗಿಸಿದ.
ಚಾಕು ಜಾರಿ ಕಡ್ಡಿ ಮನುಷ್ಯನ ತಲೆ
ದೀಪಕ್ಕಿಂತ ದೊಡ್ಡದಾಗಿತ್ತು.
ಏಣಿಗೆ ಮೆಟ್ಟಿಲು ನಾಲ್ಕೇ.
"ಮಿಕ್ಕದ್ದೆಲ್ಲಿ?" ಎಂದ.
"ಬೆರಳು ನೋಯುತ್ತಿತ್ತು" ಎಂದಳು.

ಪೆಟ್ಟಿಗೆಯ ಬಾಗಿಲು ಗಾಳಿಗೆ ಬಡಿಯುತ್ತಿತ್ತು.
ಏಳೂವರೆಗೆ ಎತ್ತಬೇಕಾದ ಹಿಡಿಗಳನ್ನು
ಏಳು ಮೂವತ್ತಾರಕ್ಕೆ ಎತ್ತಿದ.
ಯಾರೂ ದೂರು ಕೊಡಲಿಲ್ಲ.